180 ಹೊಡೆದು ಹಾಕಿ 165 ಬರೆದವರು ಯಾರು?

ಕವರಿನ ಬಾಯಿಗೆ ಬಿಸಿ ಒತ್ತಿ ಮುಚ್ಚುವ ಸೀಲಿಂಗ್ ಮೆಷಿನ್. ಅದರ ಪಕ್ಕದ ಕಂಬಕ್ಕೆ ಕೆಲಸದ ಸೂಚನೆಯ ಹಾಳೆ ನೇತುಹಾಕಿದ್ದರು. ಲ್ಯಾಮಿನೇಟ್ ಮಾಡಿದ ಹಾಳೆ. ಮೂಲೆಯಲ್ಲಿ ‘ಕಂಟ್ರೋಲ್ಡ್ ಕಾಪಿ’ (ಮಂಜೂರಾತಿ ಇಲ್ಲದೆ ತಿದ್ದಬಾರದ ಪ್ರತಿ) ಎಂಬ ಕೆಂಪು ಮುದ್ರೆ, ರಿವಿಷನ್ 4, ಕೆಳಗೆ ಮೂರು ಸಹಿ. ತಾಪಮಾನ 180 ಡಿಗ್ರಿ ಅಂತ ಅಚ್ಚಾಗಿತ್ತು. ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗೀಟು ಎಳೆದು, ಪಕ್ಕದಲ್ಲಿ ದಪ್ಪಗೆ 165 ಎಂದು ಬರೆದಿದ್ದರು.

ನಾನು ಅಲ್ಲಿಗೆ ಗುಣಮಟ್ಟದ ಆಡಿಟ್‌ಗೆ ಹೋಗಿದ್ದೆ. ಮೆಷಿನ್ ನಡೆಸುತ್ತಿದ್ದ ಹುಡುಗನನ್ನು ಕೇಳಿದೆ. ‘165 ಸರಿ ಸರ್. 180 ಇಟ್ರೆ ಕವರ್ ಸುಟ್ಟು ಹೋಗುತ್ತೆ’ ಎಂದ. ಯಾರು ಬರೆದಿದ್ದು? ಗೊತ್ತಿಲ್ಲ. ಯಾವಾಗಿಂದ? ‘ಹೊಸ ಫಿಲ್ಮ್ ಬಂದಾಗಿಂದ.’ ಕವರ್ ಮಾಡುವ ಹಾಳೆಗೆ ಫಿಲ್ಮ್ ಅನ್ನುತ್ತಾರೆ.

ಆ ಕೊನೆಯ ಮಾತು ಹಿಡಿದು ಹಿಂದಕ್ಕೆ ಹೋದೆ. ಖರೀದಿ ವಿಭಾಗದವರು ಫಿಲ್ಮ್ ಸಪ್ಲೈಯರನ್ನು ಬದಲಿಸಿದ್ದರು. ಅವರ ಲೆಕ್ಕದಲ್ಲಿ ಬದಲಾಗಿದ್ದು ರೇಟು ಮಾತ್ರ. ಸ್ಟೋರ್ಸ್‌ನಲ್ಲಿ ಅದೇ ಹಳೆಯ ಐಟಂ ಕೋಡ್‌ಗೆ ಮಾಲು ಹತ್ತಿತು. ಒಳಬರುವ ಮಾಲಿನ ತಪಾಸಣೆಯಲ್ಲಿ ಅಗಲ ನೋಡಿದರು, ಪ್ರಿಂಟ್ ನೋಡಿದರು, ಓಕೆ ಮಾಡಿದರು. ಹೊಸ ಫಿಲ್ಮ್ ಸ್ವಲ್ಪ ತೆಳು. ಮೆಷಿನ್‌ಗೆ ಹಾಕಿದಾಗ ಸುಟ್ಟಿತು. ರಾತ್ರಿ ಶಿಫ್ಟಿನಲ್ಲಿ ಯಾರೋ ಪುಣ್ಯಾತ್ಮ ತಾಪಮಾನ ಇಳಿಸುತ್ತಾ ಬಂದು, 165ಕ್ಕೆ ಸರಿಹೋಯಿತು ಅಂತ ಬರೆದಿಟ್ಟ. ಕವರ್ ನೋಡೋಕೆ ಚೆನ್ನಾಗೇ ಇತ್ತು. ಆದರೆ ಸೀಲು ಎಷ್ಟು ಗಟ್ಟಿ, ಗಾಳಿ ಸೋರುತ್ತಾ ಎಂಬ ಪರೀಕ್ಷೆ ನಡೆದಿದ್ದು ಹಳೆಯ ಫಿಲ್ಮಿನ ಮೇಲೆ, 180ರಲ್ಲಿ. 165ರಲ್ಲಿ ಅದನ್ನು ಯಾರೂ ಮತ್ತೆ ಮಾಡಿರಲಿಲ್ಲ.

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಯಾರೂ ಸೋಮಾರಿಗಳೂ ಅಲ್ಲ. ಆ ಕಂಪನಿಯ ಚೇಂಜ್ ರಿಜಿಸ್ಟರ್ ಅಂತೂ ಬಲು ಚೊಕ್ಕವಾಗಿತ್ತು. ಫಾರ್ಮಿನ ನಂಬರ್ ಬದಲಾವಣೆ, ಲೋಗೋ ಬದಲಾವಣೆ, ಒಂದು ಕಾಲಂ ಸೇರ್ಪಡೆ, ಎಲ್ಲಕ್ಕೂ ಅರ್ಜಿ, ಪರಿಶೀಲನೆ, ಮಂಜೂರಾತಿ. ಫಿಲ್ಮ್ ಬದಲಾಗಿದ್ದು ಮಾತ್ರ ಅದರಲ್ಲಿ ಇರಲಿಲ್ಲ. ಯಾಕೆಂದರೆ ಅದನ್ನು ಯಾರೂ ‘ಬದಲಾವಣೆ’ ಅಂತ ಕರೆದೇ ಇರಲಿಲ್ಲ.

ಗುಣಮಟ್ಟ ನಿರ್ವಹಣಾ ವ್ಯವಸ್ಥೆಯಲ್ಲಿ ಬದಲಾವಣೆ ನಿರ್ವಹಣೆಯ ತೊಡಕು ಇರುವುದೇ ಇಲ್ಲಿ. ಅರ್ಜಿ ಹಾಕಿಕೊಂಡು ಮುಂಬಾಗಿಲಿಂದ ಬರುವ ಬದಲಾವಣೆಯನ್ನು ಎಲ್ಲರೂ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಮುಳುಗಿಸುವುದು ಹಿತ್ತಲ ಬಾಗಿಲಿಂದ ಬಂದಿದ್ದು.

ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 9001 ಇದರ ಬಗ್ಗೆ ಏನು ಹೇಳುತ್ತದೆ? ನಾನು ಹೇಳುತ್ತಿರುವುದು 2015ರ ಆವೃತ್ತಿಯ ಮಾತು. ಅದರ 6.3ನೇ ಕಲಂ ಬದಲಾವಣೆಗಳ ಯೋಜನೆಯ ಬಗ್ಗೆ. ವ್ಯವಸ್ಥೆಯಲ್ಲಿ ಏನಾದರೂ ಬದಲಿಸಬೇಕು ಅನಿಸಿದರೆ ಯೋಜನೆ ಮಾಡಿಯೇ ಬದಲಿಸಿ ಎನ್ನುತ್ತದೆ. ಯೋಚಿಸಲು ನಾಲ್ಕು ವಿಷಯ ಕೊಡುತ್ತದೆ. ಯಾಕೆ ಬದಲಿಸುತ್ತಿದ್ದೀರಿ, ಅದರಿಂದ ಏನೇನು ಆಗಬಹುದು. ಬದಲಿಸುವಾಗ ಇಡೀ ವ್ಯವಸ್ಥೆ ಮುರಿಯದೆ ಉಳಿಯುತ್ತದಾ. ಬೇಕಾದ ಜನ, ಹಣ, ಸಲಕರಣೆ ಇದೆಯಾ. ಜವಾಬ್ದಾರಿ ಯಾರಿಂದ ಯಾರಿಗೆ ಹೋಗುತ್ತದೆ. ಅಷ್ಟೇ. ಅರ್ಧ ಪುಟವೂ ಇಲ್ಲ.

ಇನ್ನೊಂದು 8.5.6. ಇದು ಉತ್ಪಾದನೆ ಮತ್ತು ಸೇವೆ ನಡೆಯುತ್ತಿರುವ ಜಾಗದ ಬದಲಾವಣೆಗಳದ್ದು. ಇಲ್ಲಿ ದಾಖಲೆ ಕಡ್ಡಾಯ. ಬದಲಾವಣೆಯನ್ನು ಪರಿಶೀಲಿಸಿದಾಗ ಏನು ಕಂಡಿತು, ಯಾರು ಒಪ್ಪಿಗೆ ಕೊಟ್ಟರು, ಮುಂದೆ ಏನು ಮಾಡಬೇಕಾಯಿತು ಎಂಬುದು ಕಾಗದದಲ್ಲಿ ಇರಬೇಕು. 6.3ರಲ್ಲಿ ಇಂಥ ಕಡ್ಡಾಯ ಇಲ್ಲ. ಹೀಗಾಗಿ ಎಷ್ಟೋ ಕಡೆ 6.3ಕ್ಕೆ ದೊಡ್ಡ ಫಾರ್ಮ್ ಮಾಡಿಟ್ಟುಕೊಂಡು, ನಿಜವಾಗಿ ದಾಖಲೆ ಬೇಕಾದ 8.5.6ನ್ನು ಮರೆತೇ ಬಿಡುತ್ತಾರೆ. ಮಾರ್ಕರ್ ಪೆನ್ನಿನ 165 ಬಂದು ಕೂರುವುದು ಸರಿಯಾಗಿ ಈ ಎರಡನೇ ಕಲಂ ಮೇಲೆ.

ಗ್ರಾಹಕರ ಬೇಡಿಕೆ ಬದಲಾದರೆ 8.2.4, ವಿನ್ಯಾಸ ಬದಲಾದರೆ 8.3.6 ಅಂತ ಬೇರೆ ಕಲಂಗಳೂ ಇವೆ. ಅವು ಅಷ್ಟು ತಲೆನೋವಲ್ಲ. ಗ್ರಾಹಕ ಬದಲಾವಣೆ ಕೇಳಿದಾಗ ಒಂದು ಮೇಲ್ ಆದರೂ ಬಂದಿರುತ್ತದೆ.

ಬದಲಾವಣೆ ಅಂತ ಯಾರೂ ಹೆಸರಿಡದ ಬದಲಾವಣೆ ಎಲ್ಲಿಗೆ ಒಯ್ಯಬಹುದು ಎನ್ನುವುದಕ್ಕೆ ಒಂದು ಹಳೆಯ ಘಟನೆ ಇದೆ. ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ ನೈಲಾನಿನ ಕಚ್ಚಾವಸ್ತು ತಯಾರಿಸುವ ಕಾರ್ಖಾನೆ ಇತ್ತು. ಆರು ರಿಯಾಕ್ಟರ್‌ಗಳು ಸಾಲಾಗಿ, ಒಂದಕ್ಕಿಂತ ಇನ್ನೊಂದು ಸ್ವಲ್ಪ ತಗ್ಗಿನಲ್ಲಿ. 1974ರ ಮಾರ್ಚ್ ಕೊನೆಯಲ್ಲಿ ಐದನೆಯದರಲ್ಲಿ ಬಿರುಕು ಕಂಡಿತು. ಅದನ್ನು ತೆಗೆದರು. ನಾಲ್ಕಕ್ಕೂ ಆರಕ್ಕೂ ನಡುವೆ ಒಂದು ಪೈಪ್ ಜೋಡಿಸಿ ಉತ್ಪಾದನೆ ಮುಂದುವರಿಸೋಣ ಎಂದುಕೊಂಡರು.

ರಿಯಾಕ್ಟರಿನ ಬಾಯಿ 28 ಇಂಚು. ಕೈಗೆ ಸಿಕ್ಕ ಪೈಪ್ 20 ಇಂಚು. ಎರಡು ರಿಯಾಕ್ಟರ್‌ಗಳ ಎತ್ತರ ಬೇರೆಯಾದ್ದರಿಂದ ಪೈಪನ್ನು ಮೆಟ್ಟಿಲಿನ ಹಾಗೆ ಬಾಗಿಸಿ ಬೆಸೆಯಬೇಕಾಯಿತು. ಇದಕ್ಕೆ ಡ್ರಾಯಿಂಗ್ ಯಾವುದು ಗೊತ್ತಾ? ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆ. ಒಳಗಿನ ಒತ್ತಡ ಆ ಬಾಗಿದ ಪೈಪನ್ನು ಹೇಗೆ ತಿರುಚುತ್ತದೆ ಎಂಬ ಲೆಕ್ಕ ಯಾರೂ ಹಾಕಲಿಲ್ಲ. ಏಪ್ರಿಲ್ ಶುರುವಿಗೆ ಪ್ಲಾಂಟ್ ಮತ್ತೆ ನಡೆಯಿತು. ಸುಮಾರು ಎರಡು ತಿಂಗಳು ಏನೂ ಆಗಲಿಲ್ಲ. ಜೂನ್ 1ರ ಶನಿವಾರ ಸಂಜೆ ಪೈಪ್ ಕಿತ್ತು ಬಂತು. ಹೊರಗೆ ಚಿಮ್ಮಿದ ಸೈಕ್ಲೋಹೆಕ್ಸೇನ್ ಆವಿಗೆ ಬೆಂಕಿ ತಾಗಿ ಆದ ಸ್ಫೋಟದಲ್ಲಿ 28 ಜನ ಸತ್ತರು. ಅವರಲ್ಲಿ 18 ಜನ ಕಂಟ್ರೋಲ್ ರೂಮಿನಲ್ಲಿದ್ದವರು.

ಆ ಪೈಪನ್ನು ಅವರು ವಿನ್ಯಾಸ ಎಂದು ನೋಡಲಿಲ್ಲ. ಅವರ ಕಣ್ಣಿಗೆ ಅದು ರಿಪೇರಿ ಕೆಲಸ, ಅದೂ ತಾತ್ಕಾಲಿಕ. ಇನ್ನೊಂದು ಬದಲಾವಣೆ ಅದಕ್ಕೂ ಮೊದಲೇ ಆಗಿಹೋಗಿತ್ತು. ಕಾರ್ಖಾನೆಯ ವರ್ಕ್ಸ್ ಎಂಜಿನಿಯರ್ ಆ ವರ್ಷದ ಆರಂಭದಲ್ಲಿ ಕೆಲಸ ಬಿಟ್ಟಿದ್ದರು. ಆ ಕುರ್ಚಿ ಖಾಲಿಯೇ ಇತ್ತು. ಪೈಪಿನ ಲೆಕ್ಕ ಕೇಳಬೇಕಾದ, ‘ತಡೀರಿ’ ಎನ್ನಬೇಕಾದ ಮನುಷ್ಯ ಅಲ್ಲಿ ಇರಲಿಲ್ಲ. ಪೈಪಿಗಿಂತ ದೊಡ್ಡ ಬದಲಾವಣೆ ಅದೇ ಅಂತ ನನಗೆ ಅನಿಸುತ್ತದೆ. ಒಬ್ಬರು ಹೋದಾಗ ಎಚ್‌ಆರ್ ಕಡತದಲ್ಲಿ ರಾಜೀನಾಮೆ ಪತ್ರ ಇರುತ್ತದೆ. ಚೇಂಜ್ ರಿಜಿಸ್ಟರಿನಲ್ಲಿ ಒಂದು ಸಾಲೂ ಇರುವುದಿಲ್ಲ.

2015ರ ಐಎಸ್ಒ ಇದನ್ನು ಬಿಟ್ಟಿಲ್ಲ. ಜವಾಬ್ದಾರಿಯ ಮರುಹಂಚಿಕೆ 6.3ರಲ್ಲೇ ಇದೆ. ಸಂಸ್ಥೆಯ ಒಳಗಿನ ತಿಳಿವಳಿಕೆಯನ್ನು ಕಾಪಾಡಿಕೊಳ್ಳಿ ಎನ್ನುವ 7.1.6 ಹೊಸದಾಗಿ ಸೇರಿದ್ದೂ ಆ ಆವೃತ್ತಿಯಲ್ಲೇ. ಆದರೂ ಆಡಿಟ್‌ನಲ್ಲಿ ‘ಹೋದ ವರ್ಷ ಯಾರು ಬಿಟ್ಟರು, ಅವರ ತಲೆಯಲ್ಲಿ ಏನಿತ್ತು’ ಅಂತ ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ತರಬೇತಿಯ ಹಾಜರಿ ಹಾಳೆ ತೋರಿಸುತ್ತಾರೆ. ಇಪ್ಪತ್ತು ವರ್ಷ ಮೆಷಿನ್ ಸದ್ದು ಕೇಳಿಯೇ ಬೇರಿಂಗ್ ಹೋಗುತ್ತಿದೆ ಎನ್ನುತ್ತಿದ್ದ ಮನುಷ್ಯ ನಿವೃತ್ತನಾದರೆ, ಅದು ಹಾಜರಿ ಹಾಳೆಯಲ್ಲಿ ತುಂಬುವ ಜಾಗವಲ್ಲ ಅಲ್ವಾ?

‘ತಾತ್ಕಾಲಿಕ’ ಎಂಬ ಪದದ ಬಗ್ಗೆಯೂ ಒಂದು ಮಾತು. ನನ್ನ ಅನುಭವದಲ್ಲಿ ಕಾರ್ಖಾನೆಯಲ್ಲಿ ಇದರಷ್ಟು ಗಟ್ಟಿಯಾಗಿ ಉಳಿಯುವ ವಸ್ತು ಬೇರೆ ಇಲ್ಲ. ಸೆನ್ಸರ್ ಕೆಟ್ಟಿದೆ, ಎರಡು ದಿನ ಕಣ್ಣಲ್ಲಿ ನೋಡಿ ಬೇರ್ಪಡಿಸಿ ಅನ್ನುತ್ತಾರೆ. ಆರು ತಿಂಗಳಾದ ಮೇಲೆ ಹೊಸಬ ಬಂದು, ಇಲ್ಲಿ ಕಣ್ಣಲ್ಲಿ ನೋಡುವುದೇ ಪದ್ಧತಿ ಎಂದುಕೊಳ್ಳುತ್ತಾನೆ. ವಾಹನ ಉದ್ಯಮದ ಮಾನದಂಡವಾದ ಐಎಟಿಎಫ್ 16949 ಈ ವಿಷಯದಲ್ಲಿ ವಾಸ್ತವಕ್ಕೆ ಹೆಚ್ಚು ಹತ್ತಿರ ಇದೆ. ಮಾಮೂಲಿ ನಿಯಂತ್ರಣ ಕೈಕೊಟ್ಟಾಗ ಬಳಸಬಹುದಾದ ಬದಲಿ ವಿಧಾನಗಳ ಪಟ್ಟಿಯನ್ನು ಮೊದಲೇ ಮಾಡಿಡಿ ಎನ್ನುತ್ತದೆ. ಪ್ರತಿ ಬದಲಿ ವಿಧಾನಕ್ಕೂ ಲಿಖಿತ ಸೂಚನೆ ಬೇಕು. ಅದು ನಡೆಯುತ್ತಿರುವಷ್ಟು ದಿನ ದಿನಾ ಪರಿಶೀಲಿಸಿ, ಆದಷ್ಟು ಬೇಗ ಮಾಮೂಲಿಗೆ ಮರಳಿ ಎನ್ನುತ್ತದೆ. ದಿನಾ ನೋಡುವುದರಲ್ಲಿ ಒಂದು ಜಾಣತನ ಇದೆ. ದಿನಾ ಸಹಿ ಹಾಕಬೇಕಾದ ತಾತ್ಕಾಲಿಕ ವ್ಯವಸ್ಥೆ ಎಲ್ಲರಿಗೂ ಕಿರಿಕಿರಿ. ಆ ಕಿರಿಕಿರಿಗೇ ಸೆನ್ಸರ್ ರಿಪೇರಿ ಆಗುತ್ತದೆ.

ಹಿತ್ತಲ ಬಾಗಿಲ ಬದಲಾವಣೆ ಒಂದು ಕಡೆಯ ಕಥೆ. ಮುಂಬಾಗಿಲಿಂದಲೇ ಬಂದರೂ ಅರ್ಧಕ್ಕೆ ನಿಂತುಹೋಗುವ ಬದಲಾವಣೆಗಳೂ ಇವೆ. ಹೊಸದು ಬಂತು, ಹಳೆಯದು ಹೋಗಲಿಲ್ಲ.

ಅಮೆರಿಕದ ಷೇರು ವಹಿವಾಟು ಕಂಪನಿ ನೈಟ್ ಕ್ಯಾಪಿಟಲ್‌ಗೆ 2012ರ ಆಗಸ್ಟ್ 1ರಂದು ಆಗಿದ್ದು ಇದೇ. ಷೇರುಪೇಟೆಯ ಒಂದು ಹೊಸ ಯೋಜನೆಗಾಗಿ ಅವರು ತಮ್ಮ ಆರ್ಡರ್ ಕಳಿಸುವ ಸಾಫ್ಟ್‌ವೇರ್ ಬದಲಿಸಿದ್ದರು. ಎಂಟು ಸರ್ವರ್‌ಗಳಿಗೆ ಹೊಸ ಕೋಡ್ ಹಾಕಬೇಕಿತ್ತು. ಏಳಕ್ಕೆ ಹಾಕಿದರು. ಎಂಟನೆಯದಕ್ಕೆ ಹಾಕುವುದು ತಪ್ಪಿಹೋಯಿತು. ಹಾಕಿದವರ ಕೆಲಸವನ್ನು ಎರಡನೆಯವರು ನೋಡಲಿಲ್ಲ. ನೋಡಲೇಬೇಕು ಎಂಬ ಲಿಖಿತ ನಿಯಮವೂ ಇರಲಿಲ್ಲ.

ಅಷ್ಟೇ ಆಗಿದ್ದರೆ ಒಂದು ಸರ್ವರ್ ಸುಮ್ನೆ ಕೂರುತ್ತಿತ್ತು. ಆದರೆ ಅದರೊಳಗೆ ‘ಪವರ್ ಪೆಗ್’ ಎಂಬ ಹಳೆಯ ಕೋಡ್ ಇನ್ನೂ ಮಲಗಿತ್ತು. 2003ರಿಂದ ಅದನ್ನು ಯಾರೂ ಬಳಸಿರಲಿಲ್ಲ, ಹಾಗಂತ ತೆಗೆದೂ ಇರಲಿಲ್ಲ. ಆ ಹಳೆಯ ಕೋಡನ್ನು ಎಬ್ಬಿಸಲು ಹಿಂದೆ ಬಳಸುತ್ತಿದ್ದ ಗುರುತನ್ನೇ ಹೊಸ ಕೆಲಸಕ್ಕೂ ಬಳಸಿಕೊಂಡಿದ್ದರು. ಪೇಟೆ ತೆರೆಯಿತು. ಏಳು ಸರ್ವರ್ ಹೊಸ ಕೆಲಸ ಮಾಡಿದವು. ಎಂಟನೆಯದರಲ್ಲಿ ಹಳೆಯದು ಎದ್ದು ಕುಳಿತು ಆರ್ಡರ್ ಮೇಲೆ ಆರ್ಡರ್ ಕಳಿಸತೊಡಗಿತು. ಸುಮಾರು 45 ನಿಮಿಷದಲ್ಲಿ 46 ಕೋಟಿ ಡಾಲರ್‌ಗೂ ಜಾಸ್ತಿ ನಷ್ಟ.

ನನಗೆ ಇದರಲ್ಲಿ ತುಂಬಾ ಕಾಡುವುದು ಎರಡು ಸಂಗತಿ. ಪೇಟೆ ತೆರೆಯುವ ಮೊದಲೇ ಸಿಸ್ಟಂ ತಾನಾಗಿ 97 ಇಮೇಲ್ ಕಳಿಸಿತ್ತು. ಪವರ್ ಪೆಗ್ ಹೆಸರೂ ಅವುಗಳಲ್ಲಿ ಇತ್ತು. ಅವನ್ನು ಎಚ್ಚರಿಕೆ ಎಂದು ಓದುವ ಪದ್ಧತಿಯೇ ಇರಲಿಲ್ಲವಾದ್ದರಿಂದ ಯಾರೂ ಓದಲಿಲ್ಲ. ಇನ್ನೊಂದು, ತೊಂದರೆ ಕಂಡ ಮೇಲೆ ಹೊಸ ಕೋಡ್‌ನದೇ ತಪ್ಪು ಅಂದುಕೊಂಡು, ಸರಿಯಾಗಿದ್ದ ಏಳು ಸರ್ವರ್‌ಗಳಿಂದಲೂ ಅದನ್ನು ತೆಗೆದರು. ಆಗ ಅವುಗಳಲ್ಲೂ ಹಳೆಯದು ಎದ್ದಿತು. ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ ಒಂದು ಬದಲಾವಣೆಯೇ. ಅದಕ್ಕೂ ತಯಾರಿ ಬೇಕು. 2013ರ ಅಕ್ಟೋಬರ್‌ನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರ ಜೊತೆ ಕಂಪನಿ 1.2 ಕೋಟಿ ಡಾಲರ್ ದಂಡಕ್ಕೆ ಒಪ್ಪಿಕೊಂಡಿತು.

ಸರ್ವರ್ ಬೇಡ, ಮೇಜಿನ ಡ್ರಾಯರ್ ನೋಡಿ. ಹೊಸ ತಪಾಸಣಾ ಫಾರ್ಮ್ ಬಂದಿರುತ್ತದೆ. ಹಳೆಯ ಫಾರ್ಮಿನ ಐನೂರು ಜೆರಾಕ್ಸ್ ಪ್ರತಿ ಒಳಗೆ ಉಳಿದಿರುತ್ತದೆ. ಸುಮ್ನೆ ಹಾಳು ಯಾಕೆ ಮಾಡೋದು, ಮುಗಿಸಿಬಿಡೋಣ ಅನ್ನುವುದು ಮನುಷ್ಯ ಸಹಜ. ಯಾರದೋ ಕಂಪ್ಯೂಟರಿನಲ್ಲಿ ಹಳೆಯ ಎಕ್ಸೆಲ್ ಇರುತ್ತದೆ, ಹೆಸರು ‘ಫೈನಲ್ 2 ಹೊಸದು’. ದಾಖಲೆಗಳ ಮಾಸ್ಟರ್ ಲಿಸ್ಟ್‌ನಲ್ಲಿ ರಿವಿಷನ್ ಏರಿರುತ್ತದೆ, ಕೆಲಸ ಹಳೆಯದರ ಮೇಲೆ ನಡೆಯುತ್ತದೆ. ಹಾಗಾಗಿ ಒಂದು ಬದಲಾವಣೆ ಮುಗಿಯಿತಾ ಅಂತ ನೋಡಲು ನಾನು ಹೊಸ ದಾಖಲೆ ಕೇಳುವುದಿಲ್ಲ. ಹಳೆಯದನ್ನು ಹುಡುಕುತ್ತೇನೆ. ಸಿಕ್ಕರೆ ಬದಲಾವಣೆ ಇನ್ನೂ ಮುಗಿದಿಲ್ಲ.

ಔಷಧ ಉದ್ಯಮದವರು ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದಿದ್ದಾರೆ. ಅವರ ಐಸಿಎಚ್ ಕ್ಯೂ10 ಎಂಬ 2008ರ ಮಾರ್ಗಸೂಚಿ ಪ್ರಕಾರ, ಬದಲಾವಣೆ ಜಾರಿಯಾದ ಮೇಲೆ ಮತ್ತೆ ಮೌಲ್ಯಮಾಪನ ಆಗಬೇಕು. ಅಂದುಕೊಂಡ ಉದ್ದೇಶ ಈಡೇರಿತಾ, ಗುಣಮಟ್ಟಕ್ಕೆ ಎಲ್ಲಾದರೂ ಪೆಟ್ಟು ಬಿತ್ತಾ ಅಂತ ನೋಡಬೇಕು. ಕೇಳಲು ಸರಳ. ಆದರೆ ಉದ್ದೇಶವನ್ನು ಮೊದಲೇ ಬರೆದಿಟ್ಟಿದ್ದರೆ ಮಾತ್ರ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. ‘ಪ್ರಕ್ರಿಯೆ ಸುಧಾರಣೆಗಾಗಿ’ ಎಂದು ಬರೆದರೆ ಯಾವುದನ್ನು ಅಳೆಯುತ್ತೀರಿ? ‘ದೂರು ಬಂದ ದಿನದಿಂದ ಉತ್ತರ ಹೋಗುವವರೆಗೆ ಈಗ ಒಂಬತ್ತು ದಿನ, ಅದನ್ನು ನಾಲ್ಕಕ್ಕೆ ಇಳಿಸಬೇಕು’ ಎಂದು ಬರೆದರೆ ಮೂರು ತಿಂಗಳ ನಂತರ ಯಾರು ಬೇಕಾದರೂ ನೋಡಿ ಹೇಳಬಹುದು.

ಹಾಗಾದರೆ ಎಲ್ಲದಕ್ಕೂ ಫಾರ್ಮ್ ತುಂಬಿಸೋಣವಾ? ಖಂಡಿತ ಬೇಡ. ಮಾರ್ಕರ್ ಪೆನ್ ಹುಟ್ಟುವುದೇ ಅಲ್ಲಿಂದ. ರಾತ್ರಿ ಎರಡು ಗಂಟೆಗೆ ಕವರ್ ಸುಡುತ್ತಿದೆ. ಬದಲಾವಣೆಯ ಅರ್ಜಿಗೆ ಐದು ಸಹಿ, ಮೂರು ವಾರ. ಲೋಡ್ ಬೆಳಿಗ್ಗೆ ಆರಕ್ಕೆ ಹೊರಡಬೇಕು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನಾದರೂ ತಾಪಮಾನ ಇಳಿಸುತ್ತಿದ್ದೆ. ನಿಯಮ ಮುರಿದರು ಅಂತ ಆ ಆಪರೇಟರ್ ಮೇಲೆ ಎಗರಾಡುವ ಮೊದಲು, ಆ ಹೊತ್ತಿನಲ್ಲಿ ನಿಯಮ ಪಾಲಿಸುವ ದಾರಿ ಇತ್ತಾ ಅಂತ ಕೇಳಬೇಕು.

ದಾರಿ ಮಾಡಿಕೊಡುವುದು ಕಷ್ಟವೇನಲ್ಲ. ಬದಲಾವಣೆಗಳನ್ನು ಅಪಾಯದ ಪ್ರಕಾರ ಬೇರ್ಪಡಿಸಬೇಕು. ಅಮೆರಿಕದಲ್ಲಿ 1992ರಲ್ಲಿ ಬಂದ ಅಪಾಯಕಾರಿ ರಾಸಾಯನಿಕಗಳ ಸುರಕ್ಷತಾ ನಿಯಮದಲ್ಲಿ ಒಂದು ವಿನಾಯಿತಿ ಇದೆ. ಹಳೆಯದರ ಜಾಗಕ್ಕೆ ಅದೇ ಗುಣಲಕ್ಷಣದ ಹೊಸದನ್ನು ಹಾಕಿದರೆ ಬದಲಾವಣೆಯ ವಿಧಿವಿಧಾನ ಬೇಡ. ಅದೇ ಗ್ರೇಡಿನ ಬೋಲ್ಟ್ ಹೋಗಿ ಅದೇ ಗ್ರೇಡಿನ ಬೋಲ್ಟ್ ಬಂದರೆ ಸರಿ. ಇಡೀ ಜಗಳ ಇರುವುದು ‘ಅದೇ’ ಎಂಬ ಪದದಲ್ಲಿ. ಖರೀದಿಯವರ ‘ಅದೇ ಫಿಲ್ಮ್’ ಮೆಷಿನ್‌ಗೆ ಅದೇ ಆಗಿರಲಿಲ್ಲ. ಆದ್ದರಿಂದ ಯಾವುದು ‘ಅದೇ’ ಎಂದು ತೀರ್ಮಾನಿಸುವ ಅಧಿಕಾರ ಕೊಳ್ಳುವವರ ಕೈಯಲ್ಲಿ ಮಾತ್ರ ಇರಬಾರದು. ಬಳಸುವವರೂ ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು.

ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ 4ಎಂ ಪದ್ಧತಿ ಇದಕ್ಕೆ ಒಳ್ಳೆಯದು. ಮನುಷ್ಯ, ಮೆಷಿನ್, ಮಾಲು, ವಿಧಾನ. ಈ ನಾಲ್ಕರಲ್ಲಿ ಇವತ್ತು ಯಾವುದಾದರೂ ಬೇರೆಯಾಗಿದೆಯಾ ಅಂತ ಶಿಫ್ಟ್ ಶುರುವಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತಾರೆ. ಬೇರೆಯಾಗಿದ್ದರೆ ಮೊದಲ ಕೆಲವು ಪೀಸ್‌ಗಳನ್ನು ಹೆಚ್ಚು ಜೋಪಾನವಾಗಿ ತಪಾಸಣೆ ಮಾಡುತ್ತಾರೆ. ಅರ್ಜಿ ಇಲ್ಲ, ಸಮಿತಿ ಇಲ್ಲ. ‘ಇವತ್ತು ಏನೋ ಬೇರೆ ಇದೆ’ ಎಂದು ಗಟ್ಟಿಯಾಗಿ ಹೇಳಲು ಒಂದು ಜಾಗ ಇದೆ. ಆ ಜಾಗ ಕಾರ್ಖಾನೆಗಷ್ಟೇ ಅಲ್ಲ, ಕಚೇರಿಗೂ ಬೇಕು. ಸಾಲದ ಅರ್ಜಿ ನೋಡುವವರಿಗೂ, ಗ್ರಾಹಕರ ಕರೆ ತೆಗೆದುಕೊಳ್ಳುವವರಿಗೂ ಮನುಷ್ಯ ಮತ್ತು ವಿಧಾನ ದಿನಾ ಬದಲಾಗುತ್ತಲೇ ಇರುತ್ತದೆ. ಅಲ್ಲಿ ಬೋರ್ಡ್ ಇಲ್ಲ, ಅಷ್ಟೇ.

ಈಗ ಈ ವಿಷಯಕ್ಕೆ ಬಿಸಿ ಬಂದಿರುವುದಕ್ಕೆ ಕಾರಣಗಳಿವೆ. ಐಎಸ್ಒ 9001ರ ಮುಂದಿನ ಆವೃತ್ತಿಯ ಕರಡು 2025ರ ಆಗಸ್ಟ್‌ನಲ್ಲಿ ಹೊರಬಂತು. 2015ರ ಆವೃತ್ತಿ ಬಂದಾಗ ಎಲ್ಲರಿಗೂ ಹೊಸದಕ್ಕೆ ಹೊಂದಿಕೊಳ್ಳಲು ಮೂರು ವರ್ಷ ಸಿಕ್ಕಿತ್ತು. ಆಗ ನಾನು ಕಂಡಿದ್ದು ದಾಖಲೆಗಳ ಮಹಾಪೂರ. ಕಲಂ ನಂಬರ್ ಬದಲಿಸಿದರು, ಅಪಾಯದ ಪಟ್ಟಿ ಅಂತ ಒಂದು ಎಕ್ಸೆಲ್ ಸೇರಿಸಿದರು, ಪ್ರಮಾಣಪತ್ರ ಬಂತು. ಕೆಲಸ ನಡೆಯುವ ರೀತಿ ಒಂದಿಂಚೂ ಅಲುಗಲಿಲ್ಲ. ಈ ಸಲವೂ ಹಾಗೇ ಆಗುವ ಲಕ್ಷಣ ಇದೆ. ಕನ್ಸಲ್ಟೆಂಟ್‌ಗಳ ಟೆಂಪ್ಲೇಟ್‌ಗಳು ಈಗಲೇ ತಯಾರಾಗುತ್ತಿರಬೇಕು.

ಅದಕ್ಕಿಂತ ನನಗೆ ಜಾಸ್ತಿ ಚಿಂತೆ ಸಾಫ್ಟ್‌ವೇರಿನದು. ಮೊದಲು ಕಂಪನಿಯೇ ನಿರ್ಧರಿಸಿ ಸಾಫ್ಟ್‌ವೇರ್ ಬದಲಿಸುತ್ತಿತ್ತು. ಈಗ ಕ್ಲೌಡ್‌ನಲ್ಲಿರುವ ಸಾಫ್ಟ್‌ವೇರ್ ತಾನಾಗಿ ರಾತ್ರೋರಾತ್ರಿ ಬದಲಾಗುತ್ತದೆ. ಬೆಳಿಗ್ಗೆ ಲಾಗಿನ್ ಆದರೆ ಒಂದು ಕಡ್ಡಾಯ ಕಾಲಂ ಐಚ್ಛಿಕವಾಗಿರುತ್ತದೆ. ಮಂಜೂರಾತಿಯ ಬಟನ್ ಬೇರೆ ಜಾಗದಲ್ಲಿರುತ್ತದೆ. ಇದು ಪ್ರಕ್ರಿಯೆಯ ಬದಲಾವಣೆ ಹೌದು. ಆದರೆ ಅರ್ಜಿ ಹಾಕಬೇಕಾದವರು ನಿಮ್ಮ ಕಟ್ಟಡದಲ್ಲೇ ಇಲ್ಲ. ಏನೇನು ಬದಲಾಯಿತು ಎಂದು ಅವರು ಕಳಿಸುವ ಬಿಡುಗಡೆ ಟಿಪ್ಪಣಿಯನ್ನು ಓದುವ ಕೆಲಸ ಯಾರದು ಎಂದು ಎಷ್ಟು ಕಡೆ ಬರೆದಿಟ್ಟಿದ್ದಾರೆ? ನೈಟ್ ಕ್ಯಾಪಿಟಲ್‌ನ 97 ಇಮೇಲ್ ನೆನಪಾಗುವುದು ಇಲ್ಲೇ. ಎಐ ಬಂದ ಮೇಲೆ ಇನ್ನೊಂದು ಶುರುವಾಗಿದೆ. ದೂರಿನ ಮೂಲ ಕಾರಣ ಬರೆಯಲು ಮೊದಲು ಮೆಷಿನ್ ಹತ್ತಿರ ಹೋಗುತ್ತಿದ್ದವರು ಈಗ ಚಾಟ್‌ಬಾಟ್ ಕೇಳುತ್ತಾರೆ. ವರದಿ ಮೊದಲಿಗಿಂತ ಚೆಂದ ಇರುತ್ತದೆ. ಕಾರಣ ಹುಡುಕುವ ವಿಧಾನವೇ ಬದಲಾಗಿದೆ. ಯಾರೂ ಅದನ್ನು ಬದಲಾವಣೆ ಎಂದು ದಾಖಲಿಸಿಲ್ಲ.

ಆ ಸೀಲಿಂಗ್ ಮೆಷಿನ್ ಹತ್ತಿರ ಮರುವರ್ಷ ಮತ್ತೆ ಹೋದೆ. ರಿವಿಷನ್ 5 ನೇತಾಡುತ್ತಿತ್ತು. 165 ಅಚ್ಚಾಗಿತ್ತು. ಸೋರಿಕೆ ಪರೀಕ್ಷೆಯನ್ನು ಹೊಸ ಫಿಲ್ಮಿನ ಮೇಲೆ ಮಾಡಿದ ವರದಿ ಕಡತದಲ್ಲಿತ್ತು. ಖರೀದಿಯ ಫಾರ್ಮಿನಲ್ಲಿ ಉತ್ಪಾದನೆಯವರ ಸಹಿಗೂ ಒಂದು ಜಾಗ ಬಂದಿತ್ತು. ಎಲ್ಲ ಸರಿ. ಆದರೆ ಕ್ವಾಲಿಟಿ ವಿಭಾಗದವರು ಯಾಕೋ ಕಂಬಕ್ಕೆ ಅಡ್ಡ ನಿಂತೇ ಮಾತಾಡುತ್ತಿದ್ದರು. ಸ್ವಲ್ಪ ಸರಿಯಿರಿ ಎಂದೆ. ಹಾಳೆಯ ಕೆಳಗೆ ಒಂದು ಚೀಟಿ ಅಂಟಿಸಿದ್ದರು. ಅದೇ ಮಾರ್ಕರ್ ಪೆನ್ನು: ‘ಮೆಷಿನ್ ತಣ್ಣಗಿದ್ದರೆ ಮೊದಲ 20 ನಿಮಿಷ 170.’ ಈ ಸಲ ಪಕ್ಕದಲ್ಲಿ ತಾರೀಖು, ಶಿಫ್ಟ್, ಬರೆದವನ ಇನಿಶಿಯಲ್ ಇತ್ತು. ಜೊತೆಗೆ ‘ಸೋರಿಕೆ ನೋಡಿದೆ, 5 ಪೀಸ್, ಓಕೆ’ ಅಂತ ಒಂದು ಸಾಲು.

ನನ್ನ ನೋಟ್‌ಬುಕ್‌ನಲ್ಲಿ ಅದನ್ನು ಬರೆದುಕೊಂಡೆ. ಎನ್‌ಸಿ, ಅಂದರೆ ನಿಯಮಕ್ಕೆ ಹೊಂದದ್ದನ್ನು, ಬರೆಯುವ ಪುಟದಲ್ಲಿ ಅಲ್ಲ.